ಕಂಬಳಿಯೊಳಗಿನ ಟಿಕ್ ಟಿಕ್

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ನಂಬಲೇಬೇಡಿ, ಪಂಥ ಕಟ್ಟುತ್ತೇನೆ. ಜಹೀರಾಬಾದಿನಿಂದ ನಾರಾಯಣಖೇಡದವರೆಗೆ ನನ್ನ ಮಾತು ನಂಬಿ ಕೆಟ್ಟವರು ಊರಿಗೆ ಹತ್ತು ಜನ ಸಿಗುತ್ತಾರೆ. ನೀವು ಹನ್ನೊಂದನೆಯವರಾಗುವುದು ಬೇಡ.

ಆದರೆ ಇವತ್ತು ಬೆಳಿಗ್ಗೆ ನಮ್ಮ ಮನೆಯ ಗ್ಯಾಸ್ ಒಲೆ ಒಂದು ತಂಟೆ ತೆಗೆಯಿತು. “ಏನ್ರಿ, ಒಲಿ ಬರೇ ಟಿಕ್ ಟಿಕ್ ಅಂತದ, ಹತ್ತವಲ್ದು. ಬಂದು ನೋಡ್ರಿ” ಎಂದು ಹೆಂಡತಿ ಕರೆದಳು. ಹೋಗಿ ಗುಂಡಿ ಒತ್ತಿ ತಿರುಗಿಸಿದೆ. “ಎಲ್ಲಿ ಟಿಕ್ ಟಿಕ್? ಏನೂ ಇಲ್ಲ” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹಿಂದೊಮ್ಮೆ ಒಬ್ಬರ ಮುಖವನ್ನು ನಾನೂ ಹಾಗೆಯೇ ನೋಡಿದ್ದೆ.

ಅವರು ಜಬ್ಬಾರ್ ಉಸ್ತಾದ್. ಕೊಹೀರ್ ಕಡೆಯಿಂದ ಬರುವಾಗ, ಜಹೀರಾಬಾದ್ ಊರು ಶುರುವಾಗುವ ಮೊದಲೇ ರಸ್ತೆ ಪಕ್ಕ ಒಂದು ಬೇವಿನ ಮರವಿತ್ತು. ಅದರ ಕೆಳಗೆ ಅವರ ಗ್ಯಾರೇಜು. ನಾನಾಗ ತಾಂಡೂರಿಗೂ ಜಹೀರಾಬಾದಿಗೂ ಬಾಡಿಗೆ ಕಾರು ಓಡಿಸುತ್ತಿದ್ದೆ. ಓಡಿಸಿದ್ದಕ್ಕಿಂತ ಆ ಮರದ ಕೆಳಗೆ ಕೂತದ್ದೇ ಹೆಚ್ಚು ಎಂದು ಹೆಂಡತಿ ಹೇಳುತ್ತಾಳೆ. ಅವಳ ಲೆಕ್ಕ ಯಾವತ್ತೂ ತಪ್ಪುವುದಿಲ್ಲ.

ಜನ ಅವರನ್ನು ಕಿವಿ ಉಸ್ತಾದ್ ಎನ್ನುತ್ತಿದ್ದರು. ಬಾನೆಟ್ ಎತ್ತುವ ಮೊದಲೇ ಕಣ್ಣುಮುಚ್ಚಿ ಕೇಳಿ ರೋಗ ಹೇಳಿಬಿಡುತ್ತಿದ್ದರು. ಮೂರು ಭಾಷೆ ಬೆರೆತ ನಮ್ಮ ಗಡಿಸೀಮೆಯಲ್ಲಿ ಅದು ಸಣ್ಣ ವಿದ್ಯೆಯಲ್ಲ. ಒಂದೇ ಸದ್ದನ್ನು ಮೊಗುಡಂಪಲ್ಲಿಯವನು ‘ಟಿಕ್ ಟಿಕ್’ ಎನ್ನುತ್ತಾನೆ, ಯಾಲಾಲ್ ಕಡೆಯವನು ತೆಲುಗಿನಲ್ಲಿ ‘ಟಕಟಕ’ ಎನ್ನುತ್ತಾನೆ, ಪೇಟೆಯ ಸೇಠ್ ‘ಖಟ್ ಖಟ್’ ಎನ್ನುತ್ತಾನೆ. “ಮಂದಿ ಬಾಯಾಗಿನ ಆವಾಜ್ ನಂಬಬ್ಯಾಡೋ. ಲೋಹಾ ಏನಂತದ ಅದನ್ನ ಕೇಳು” ಎನ್ನುತ್ತಿದ್ದರು ಉಸ್ತಾದ್.

ಇಂಥವರನ್ನು ಸುಮ್ಮನೆ ಬಿಡಲು ನನ್ನಿಂದ ಆಗುತ್ತದೆಯೇ? ನನ್ನ ನಾಲಿಗೆಗೆ ಒಂದು ವರವಿದೆ. ಹಲ್ಲಿನ ಸಂದಿಗೆ ಒತ್ತಿ ಬಿಟ್ಟರೆ, ಇಂಜಿನ್ನಿನ ವಾಲ್ವು ತಳ್ಳುವ ಟ್ಯಾಪೆಟ್ ಸಡಿಲಾಗಿ ಹೊಡೆದಂತೆಯೇ ಟಿಕ್ ಟಿಕ್ ಬರುತ್ತದೆ. ಉಸ್ತಾದ್ ಯಾವುದಾದರೂ ಕಾರಿನಲ್ಲಿ ಕೂತು ಇಂಜಿನ್ ಶುರು ಮಾಡಿದರೆ ಸಾಕು, ನಾನು ಹಿಂದಿನ ಸೀಟಿಗೆ ನುಗ್ಗಿ ನಾಲಿಗೆ ಆಡಿಸುತ್ತಿದ್ದೆ. ಎರಡನೇ ಟಿಕ್ಕಿಗೇ, “ಏ ಶೈತಾನ್, ಇಳಿ ಕೆಳಗ” ಎಂದು ಬೈಗುಳ ಬರುತ್ತಿತ್ತು. ಅಸಲಿ ಯಾವುದು, ನಕಲಿ ಯಾವುದು ಎಂದು ಅವರಿಗೆ ಒಮ್ಮೆಯೂ ತಪ್ಪಲಿಲ್ಲ.

ಒಂದು ದಿನ ಎರಡನೇ ಟಿಕ್ಕಿಗೆ ಬೈಗುಳ ಬರಲಿಲ್ಲ. ಹತ್ತನೆಯದಕ್ಕೂ ಬರಲಿಲ್ಲ. ಕಿಟಕಿಯ ಹೊರಗೆ ನಿಂತಿದ್ದ ನಾಯಿ ಕೂಡ ತಿರುಗಿ ನನ್ನನ್ನು ನೋಡಿತು. ಉಸ್ತಾದ್ ಮುಂದೆಯೇ ನೋಡುತ್ತ ಕೂತಿದ್ದರು. ಇಳಿದು ಬಂದು ಅವರ ಮುಖ ನೋಡಿದೆ. “ಸಾಫ್ ಅದ ಗಾಡಿ” ಎಂದರು. ಹುಡುಗರಾಗಿದ್ದಾಗ ತಾಂಡೂರಿನಲ್ಲಿ ಕಲ್ಲು ಕೊಯ್ಯುವ ಮಷೀನುಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದವರು. ಆ ಮಷೀನುಗಳು ಈಗ ಅವರ ಕಿವಿಯಿಂದ ಬಾಕಿ ವಸೂಲಿ ಮಾಡುತ್ತಿದ್ದವು; ಜೋರು ಮಾತು ಕೇಳುತ್ತಿತ್ತು, ಸಣ್ಣ ಸದ್ದು ಕೇಳುತ್ತಿರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಹೊಟ್ಟೆಯಲ್ಲಿ ಗುಟ್ಟು ಇಟ್ಟುಕೊಂಡು ನನಗೆ ಅಭ್ಯಾಸವಿಲ್ಲ. ಎರಡು ದಿನ ಅಜೀರ್ಣವಾಯಿತು.

ಅದೇ ವಾರ ಮೊಗುಡಂಪಲ್ಲಿಯ ಶಿವರಾಜ ತನ್ನ ಹಳೆಯ ಪೆಟ್ರೋಲ್ ಕಾರು ತಂದ. ದಿನಾ ಬೀದರಿಗೆ ನೌಕರಿಗೆ ಹೋಗಿಬರುವ ಹುಡುಗ. “ಉಸ್ತಾದ್, ಟಿಕ್ ಟಿಕ್ ಅಂತದ್ರಿ, ಮಿಸ್ಸಿಂಗೂ ಹೊಡ್ಯಾಕತ್ತದ. ಅಲ್ಲಿ ಒಬ್ಬರಿಗೆ ತೋರಿಸಿದ್ರ ಇಂಜಿನ್ ಬಿಚ್ಚಬೇಕಂತಾರ. ನೀವು ಕೇಳಿ ಹೇಳಿದ್ರ ಮುಗೀತು” ಎಂದ. ಒಂದು ಸಿಲಿಂಡರು ಆಗಾಗ ಹೊತ್ತಿಕೊಳ್ಳದೆ ಇಂಜಿನ್ ಮುಗ್ಗರಿಸಿದರೆ ನಮ್ಮಲ್ಲಿ ಅದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ಗಾಲಿ ಎಬ್ಬಿಸಿದ ಧೂಳು ಇಳಿಯುವ ಮೊದಲೇ ಶಿವರಾಜ ನನಗೆ ಹೇಳಿದ: “ಕಾಕಾ, ನನ್ನ ಫೋನ್ ಸತ್ತದ. ನಿಮ್ಮ ಫೋನಿನಿಂದ ನಮ್ಮ ಮಾವಗ ಹೇಳ್ರಿ, ಗಾಡಿ ಮಿಸ್ಸಿಂಗ್ ಅದ, ಬರೂದು ತಡ ಆಗ್ತದ ಅಂತ.”

ನಾನು ಅರ್ಧವನ್ನೇ ಹೇಳಿದೆ. “ನಿಮ್ಮ ಅಳಿಯನ ಗಾಡಿ ಮಿಸ್ಸಿಂಗ್ ಅದ್ರಿ, ಬೇವಿನ ಮರದ ಗ್ಯಾರೇಜಿನ ಹತ್ರ” ಎಂದು ಫೋನ್ ಇಟ್ಟೆ.

ಗಂಟೆಯೊಳಗೆ ಮಾವ ಎರಡು ಮೋಟರ್‌ಸೈಕಲ್ ಮೇಲೆ ನಾಲ್ಕು ಜನರನ್ನು ಏರಿಸಿಕೊಂಡು ಕಳ್ಳನನ್ನು ಹಿಡಿಯಲು ಬಂದಿಳಿದರು. ಕಾರು ಕಣ್ಣೆದುರಿಗೇ ಇತ್ತು. “ಗಾಡಿ ಇಲ್ಲೇ ಅದಲ್ಲೋ” ಎಂದು ಅಳಿಯನನ್ನು ಬೈದರು. ಅಷ್ಟು ಸಿಟ್ಟು ಹೊತ್ತು ತಂದಿದ್ದರು, ಎಲ್ಲಾದರೂ ಇಳಿಸಬೇಕಿತ್ತು. ಎಲ್ಲರೂ ಉಸ್ತಾದರ ಸುತ್ತ ನೆರೆದರು. ಪಕ್ಕದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಬೀರಣ್ಣನೂ ಹೆಗಲ ಮೇಲೆ ಕಂಬಳಿ ಹೊತ್ತು ಬಂದು ನಿಂತ. ಆಗ ನನ್ನ ನಗು ನಿಂತಿತು. ಇಷ್ಟು ಜನರೆದುರು ಕಿವಿ ಉಸ್ತಾದರಿಗೆ ಕಿವಿ ಕೇಳುವುದಿಲ್ಲ ಎಂದಾದರೆ ನಾಳೆಯಿಂದ ಆ ಮರದ ಕೆಳಗೆ ಕುರಿಗಳು ಮಾತ್ರ ನಿಲ್ಲುತ್ತವೆ. ಜನರನ್ನು ಕೂಡಿಸಿದವನು ನಾನೇ.

ಇಂಜಿನ್ ಶುರುವಾಯಿತು. ಟಿಕ್ ಟಿಕ್ ಎಲ್ಲರಿಗೂ ಕೇಳುತ್ತಿತ್ತು. ಉಸ್ತಾದ್ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಹಚ್ಚಿ ಬಹಳ ಹೊತ್ತು ಬಾಗಿ ನಿಂತರು. ಎದ್ದು, “ಆವಾಜ್ ಇಲ್ಲ” ಎಂದರು.

“ಇಲ್ಲೇನ್ರಿ? ನಮ್ಮ ಬೀರ್ಯಾನ ಕುರಿಗೂ ಕೇಳಸ್ತದ, ನಿಮಗ ಕೇಳಸವಲ್ದೇನು?” ಎಂದರು ಮಾವ.

“ಲೋಹಾದಾಗ ಇಲ್ಲ ಅಂದೆ ನಾನು” ಎಂದರು ಉಸ್ತಾದ್.

ಇಲ್ಲಿ ನನ್ನ ತಲೆ ಓಡಿದ್ದನ್ನು ನೋಡಿ. ಕಿವಿಗೆ ಕೇಳದಿದ್ದರೂ ಲೋಹದ ಅದುರು ಅವರ ಎಲುಬಿಗೆ ಇನ್ನೂ ತಿಳಿಯುತ್ತದೆ. ಟ್ಯಾಪೆಟ್ ಸದ್ದಾಗಿದ್ದರೆ ಕಬ್ಬಿಣದಲ್ಲಿ ಬಂದೇ ಬರುತ್ತಿತ್ತು. ಕಬ್ಬಿಣದಲ್ಲಿ ಇಲ್ಲ, ಗಾಳಿಯಲ್ಲಿ ಇದೆ ಎಂದರೆ ಅದು ಕರೆಂಟಿನ ಆಟ. ಹಗಲು ಬೆಳಕಿನಲ್ಲಿ ಅದು ಕಾಣುವುದಿಲ್ಲ. “ಬೀರಣ್ಣ, ಕಂಬಳಿ ಕೊಡು” ಎಂದೆ. ಬಾನೆಟ್ಟಿಗೂ ಇಂಜಿನ್ನಿಗೂ ನಡುವೆ ಅದನ್ನು ಇಳಿಬಿಟ್ಟು, ಫ್ಯಾನಿಗೆ ಸಿಕ್ಕದ ಹಾಗೆ ಅಂಚು ಹಿಡಿದು, ನಾನು ಉಸ್ತಾದ್ ಇಬ್ಬರೂ ಒಳಗೆ ತಲೆ ಹಾಕಿದೆವು. ಕುರಿವಾಸನೆ, ಪೆಟ್ರೋಲ್ ವಾಸನೆ, ಕತ್ತಲೆ. ಆ ಕತ್ತಲೆಯಲ್ಲಿ ಮೂರನೇ ಸ್ಪಾರ್ಕ್ ಪ್ಲಗ್ಗಿನ ವೈರು ಬಿರುಕು ಬಿಟ್ಟ ಜಾಗದಿಂದ ನೀಲಿ ಕಿಡಿಯೊಂದು ಕಬ್ಬಿಣಕ್ಕೆ ಜಿಗಿಯುತ್ತಿತ್ತು. ಒಂದು ಜಿಗಿತಕ್ಕೆ ಒಂದು ಟಿಕ್. ಕಿಡಿ ಹೊರಗೆ ಪೋಲಾದಾಗಲೆಲ್ಲ ಒಳಗೆ ಸಿಲಿಂಡರು ಹೊತ್ತುತ್ತಿರಲಿಲ್ಲ. ಎರಡು ರೋಗವಲ್ಲ, ಒಂದೇ.

ಕಂಬಳಿಯೊಳಗೆ ಉಸ್ತಾದ್ ನನ್ನ ಕಿವಿಯ ಹತ್ತಿರ ಬಂದು ಹೇಳಿದರು: “ಮೊನ್ನೆ ಹಿಂದಿನ ಸೀಟಿನ್ಯಾಗ ನಿನ್ನ ಗದ್ದ ಅಳ್ಳಾಡೂದು ಕನ್ನಡಿಯಾಗ ಕಂಡಿತ್ತೋ ಶೈತಾನ್. ಆವಾಜ್ ಬರಲಿಲ್ಲ. ಅವತ್ತೇ ನನಗ ತಿಳೀತು.”

ಇಂಜಿನ್ ಓಡುತ್ತಲೇ ಇತ್ತು. ನಾನು ಏನು ಹೇಳಿದ್ದರೂ ಅವರಿಗೆ ಕೇಳುತ್ತಿರಲಿಲ್ಲ.

ಮಾವನವರನ್ನೂ ಒಳಗೆ ಕರೆದು ಕಿಡಿ ತೋರಿಸಿದೆವು. ಬಿರುಕಿನ ವೈರು ಬದಲಾಯಿಸಿದ ಮೇಲೆ ಕಾರು ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಆ ಐದು ಜನ ಐದು ಊರಲ್ಲಿ ಹೇಳಿದರು. ಕಿವಿ ಉಸ್ತಾದ್ ಹೋಗಿ ಕಂಬಳಿ ಉಸ್ತಾದ್ ಎಂಬ ಹೆಸರಾಯಿತು. ಗ್ಯಾರೇಜಿನ ಮೊಳೆಗೆ ಕೊನೆಯವರೆಗೂ ಒಂದು ಕರಿ ಕಂಬಳಿ ತೂಗುತ್ತಿತ್ತು. ಈಗ ಉಸ್ತಾದರೂ ಇಲ್ಲ, ಮರವೂ ಇಲ್ಲ.

ಇವತ್ತು ಬೆಳಿಗ್ಗೆ ಹೆಂಡತಿಗೆ ಅಡುಗೆಮನೆಯ ಕಿಟಕಿ ಮುಚ್ಚಲು ಹೇಳಿದೆ. ರೆಗ್ಯುಲೇಟರ್ ಬಂದ್ ಮಾಡಿ, ಒಲೆಯ ಮೇಲೆ ಟವೆಲ್ ಹಿಡಿದು ಗುಂಡಿ ಒತ್ತಿದೆ. ನೀಲಿ ಕಿಡಿ ಬರ್ನರಿಗೆ ಹಾರದೆ, ಉಕ್ಕಿದ ಹಾಲಿನ ತೇವಕ್ಕೆ ಪಕ್ಕಕ್ಕೆ ಹಾರುತ್ತಿತ್ತು. ಟವೆಲ್ಲಿನಿಂದಲೇ ಒರೆಸಿ ಗ್ಯಾಸ್ ಬಿಟ್ಟೆ. ಹತ್ತಿತು.

“ಈಗರ ಕೇಳಸ್ತೇನ್ರಿ ಟಿಕ್ ಟಿಕ್?” ಎಂದಳು.

“ಕಾಣಸ್ತದ” ಎಂದೆ.

ಇಷ್ಟರಲ್ಲಿ ಒಂದೇ ಒಂದು ಸುಳ್ಳಿದೆ. ನಂಬದಿದ್ದವರು ಗೆಲ್ಲಲಿ ಎಂದು ಒಪ್ಪಿಕೊಳ್ಳುತ್ತೇನೆ. ಬೀರಣ್ಣನ ಕಂಬಳಿ ಕೇಳಿದವನು ನಾನಲ್ಲ, ಉಸ್ತಾದ್. ನಾನು ಅಂಚು ಹಿಡಿದು ನಿಂತಿದ್ದೆ, ಅಷ್ಟೇ.