ಸನತ್‌ನಗರಕ್ಕೆ ಒಯ್ದ ಬನ್ನಿ

ದಸರೆಯ ಮರುದಿನ ಬೆಳಿಗ್ಗೆ ಗುಲ್ಬರ್ಗದಲ್ಲಿ ಹೈದರಾಬಾದಿನ ಗಾಡಿ ಹತ್ತಿದೆ. ಚೀಲದಲ್ಲಿ ನಾಲ್ಕು ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬನ್ನಿ ಎಲೆ. ಕಳಿಸಲು ಬಂದ ತಂಗಿ ನೀಲಾ ಕಿಟಕಿಯ ಸರಳು ಹಿಡಿದು ಮತ್ತೆ ಅದೇ ಹೇಳಿದಳು:

“ನೀ ಸುಳ್ಳು ಹೇಳೂದೂ ಬ್ಯಾಡ ಅಕ್ಕಾ. ಅವರು ಕೇಳಿದಾಗ ಸುಮ್ನ ತಲಿ ತಗ್ಗಿಸಿ ಕುಂದರು. ಸಾಕು.”

ಸಾಕಾಗುತ್ತಿತ್ತು, ನಿಜ. ವರಾನ್ವೇಷಣೆಯಲ್ಲಿ ಬಂಧುಗಳ ಮೌನಕ್ಕೆ ಒಂದೇ ಅರ್ಥ: ಹುಡುಗಿಯಲ್ಲಿ ಏನೋ ಐಬಿದೆ. ಇಪ್ಪತ್ತೆರಡು ವರ್ಷಗಳ ಹಿಂದೆ ನನ್ನನ್ನು ಒಪ್ಪಿದ್ದ ವರನ ಮನೆಗೆ ಹೋಗಿ, ನನಗೆ ಮೂರ್ಛೆರೋಗ ಇದೆ ಎಂದು ಸುಳ್ಳು ಹೇಳಿಬಂದವನು ನಮ್ಮ ದೊಡ್ಡಪ್ಪನ ಮಗ ಶಿವಣ್ಣ. ಆ ವರನಿಗೆ ತನ್ನ ಹೆಂಡತಿಯ ತಂಗಿಯನ್ನು ಕೊಡಿಸಿದ. ಸುದ್ದಿ ಊರೆಲ್ಲ ಹಬ್ಬಿತು, ನನಗೆ ಇನ್ನೊಂದು ವರ ಬರಲಿಲ್ಲ. ನಾನು ಶಾಲೆ ಸೇರಿ ಟೀಚರಾದೆ. ಈಗ ಅವನ ಮಗಳು, ಚಿಕ್ಕಂದಿನಲ್ಲಿ ಗುಲ್ಬರ್ಗದಲ್ಲಿ ನನ್ನ ಹತ್ತಿರ ಓದಿದ ಸುಮಾಳಿಗೆ ಮಾದಾಪುರದ ಕಂಪ್ಯೂಟರ್ ಕಂಪನಿಯೊಂದರ ಹುಡುಗ ಒಪ್ಪಿಗೆಯಾಗಿದ್ದ. ಹುಡುಗನ ತಾಯಿ ಹಿಂದೆ ನನ್ನ ಶಾಲೆಯಲ್ಲೇ ಟೀಚರಾಗಿದ್ದವರು. ಫೋನ್ ಮಾಡಿ ಹುಡುಗಿಯ ವಿಚಾರ ಕೇಳಿದ್ದರು. ಹೈದರಾಬಾದಿನ ಶಿವಣ್ಣನ ಮನೆಯಲ್ಲಿ ಎಲ್ಲರೂ ಸೇರುವ ದಿನ ಎದುರಿಗೇ ಬಂದು ಹೇಳುತ್ತೇನೆ ಎಂದಿದ್ದೆ.

“ನಾಳೆ ಮುಂಜಾನೆ ಇದ ಅಂಗೈ ಮ್ಯಾಲೆ ಲಿಂಗ ಇಟ್ಕೊಂಡು ಕುಂದರಬೇಕವ್ವ ನಾ,” ಎಂದೆ ನೀಲಾಗೆ. ಗಾಡಿ ಹೊರಟಿತು.

ತಾಂಡೂರಿನಲ್ಲಿ ಹಾಸುಗಲ್ಲಿನ ರಾಶಿಗಳು, ವಿಕಾರಾಬಾದಿನಲ್ಲಿ ತಂಪು ಗಾಳಿ, ಬುಟ್ಟಿ ತುಂಬ ಸೀತಾಫಲ. ಅಲ್ಲಿಂದ ಮುಂದೆ, ತಲೆ ತಗ್ಗಿಸಿ ಕೂರುವುದನ್ನು ಮನಸ್ಸಿನಲ್ಲೇ ಹತ್ತು ಸಲ ಆಡಿ ನೋಡಿದೆ. ರುಚಿಯಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಲಿಂಗಂಪಲ್ಲಿಯಲ್ಲಿ ಐಡಿ ಕಾರ್ಡು ನೇತುಹಾಕಿಕೊಂಡ ಹುಡುಗರು ನುಗ್ಗಿದರು. ಎಲ್ಲರ ಕೊರಳಲ್ಲೂ ಒಂದೊಂದು ಗುರುತು. ನನ್ನದು ಸೆರಗಿನೊಳಗಿತ್ತು.

ಬೇಗಂಪೇಟೆಯಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಆಟೋದವನು “ಚಾಲೀಸ್” ಎಂದ, ಮೂವತ್ತೈದಕ್ಕೆ ಒಪ್ಪಿದ. ಸನತ್‌ನಗರದಲ್ಲಿ ಶಿವಣ್ಣನ ಲೇತ್ ಕಾರ್ಖಾನೆ ಕೆಳಗೆ, ಮನೆ ಮೇಲೆ. ಬೀಗರು ಆಗಲೇ ಬಂದು ಕೂತಿದ್ದರು. ನನ್ನನ್ನು ಕಂಡು ಶಿವಣ್ಣ ಕೈಯ ಚಹಾ ಕೆಳಗಿಟ್ಟು ಎದ್ದು ನಿಂತ.

“ಟೀಚರ್, ನಿಮ್ಮ ಮಾತಿನ ಮ್ಯಾಲೆ ನಾವು ಮುಂದ ಹೋಗ್ತೀವ್ರಿ,” ಎಂದರು ಹುಡುಗನ ತಾಯಿ. “ಹುಡುಗಿ ಹೆಂಗ ಅದಾಳ್ರಿ?”

ಒಳಬಾಗಿಲಲ್ಲಿ ಸುಮಾ ನಿಂತಿದ್ದಳು. ನಾನು ತಲೆ ಎತ್ತಿದೆ. ಶಿವಣ್ಣನ ಮುಖವನ್ನೇ ನೋಡುತ್ತ ಹೇಳಿದೆ:

“ಭಾಳ ಛಲೋ ಹುಡುಗಿ ಅದಾಳ್ರಿ. ಮೂರು ವರ್ಷ ನಾನೇ ಕಲಿಸೀನಿ. ಯಾವ ರೋಗಾನೂ ಇಲ್ಲ. ಕಣ್ಣು ಮುಚ್ಚಿ ತಗೋರಿ.”

ಊಟ ಮುಗಿಸಿ ಹೊರಟಾಗ ಶಿವಣ್ಣ ಮೆಟ್ಟಿಲ ತನಕ ಬಂದ. ಕಣ್ಣು ತುಂಬಿತ್ತು.

“ಮಾದೇವಿ, ನನ್ನ ಕ್ಷಮಾ ಮಾಡಿದಿ ಹೌದಲ್ಲ?”

“ಇಲ್ಲಣ್ಣ. ನೀ ಮಾಡಿದ್ದು ನಾ ಮಾಡಲಿಲ್ಲ, ಅಷ್ಟ. ಅದೂ ನಿನ್ನ ಸಲುವಾಗಿ ಅಲ್ಲ.”

ನಮ್ಮ ಕಡೆ ಬನ್ನಿ ಕೊಟ್ಟ ಕಿರಿಯರು ಹಿರಿಯರ ಕಾಲು ಮುಟ್ಟಬೇಕು. ನಾನು ಎಲೆಗಳನ್ನು ಅವನ ಕೈಯಲ್ಲಿಟ್ಟೆ. ಬಾಗಲಿಲ್ಲ. ಅವನು ಅವನ್ನು ಹಿಡಿದುಕೊಂಡು ಕಾಯುತ್ತಲೇ ಇದ್ದ, ನಾನು ಮೆಟ್ಟಿಲಿಳಿದು ಆಟೋ ಹತ್ತಿದೆ.

ಮರುದಿನ ಬೆಳಿಗ್ಗೆ ಪೂಜೆಗೆ ಕೂರುವಾಗ ನೀಲಾ ಬಂದು ನಿಂತಳು. ಎಲ್ಲ ಹೇಳಿದೆ.

“ಹಂಗಾದ್ರ ಸಿಟ್ಟು ಅಲ್ಲೇ ಬಿಟ್ಟು ಬಂದಿ?”

“ಯಾಕ ಬಿಡ್ಲಿ? ಅದು ನಂದು. ವಾಪಸ್ ತಗೊಂಡ ಬಂದೀನಿ.”

ಲಿಂಗವನ್ನು ಅಂಗೈ ಮೇಲಿಟ್ಟುಕೊಂಡೆ. ನೆಟ್ಟಗೆ ಕೂತು ದಿಟ್ಟಿಸಿದೆ.