ವಾಣಿಜ್ಯ ಪುಟದಿಂದ ಕಲಿತ ಇಂಗ್ಲಿಷ್

ಅಥವಾ ನಾವು ಕೆಂಗೇರಿಗೆ ಹೋದದ್ದು ರೈಲಿನಲ್ಲಿ ಅಲ್ಲವೇನೋ. ಇಷ್ಟು ವರ್ಷ ರೈಲು ಎಂದೇ ಹೇಳಿಕೊಂಡು ಬಂದಿದ್ದೇನೆ. ಕಿಟಕಿಯ ಪಕ್ಕ ಕೂತಿದ್ದೆ, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಇಂಜಿನ್ನಿನ ಕಿಡಿ ಬಿತ್ತು ಎಂದೂ ಸೇರಿಸುತ್ತೇನೆ. ಆ ಕಿಡಿ ಬೇರೆ ಯಾವುದೋ ಪ್ರಯಾಣದ್ದಿರಬಹುದು. ನೆನಪು ಎನ್ನುವುದು ಕೈಗೆ ಸಿಕ್ಕಿದ ಗುಂಡಿಯನ್ನು ಯಾವ ಅಂಗಿಗೆ ಬೇಕಾದರೂ ಹೊಲಿದುಬಿಡುವ ದರ್ಜಿ. ವರ್ಷ ಯಾವುದೆಂದು ಕೇಳಿದರೆ, ಸೂಯೆಜ್ ಕಾಲುವೆ ಮುಚ್ಚಿದ್ದ ಕಾಲ ಎಂದಷ್ಟೇ ಹೇಳಬಲ್ಲೆ. ಆಗ ನಮ್ಮ ಮನೆಯ ಕಾಫಿಗೆ ಸಕ್ಕರೆ ಕಡಿಮೆಯಾದರೂ ಸೂಯೆಜ್ಜೇ ಕಾರಣ ಎಂದು ನನ್ನ ಸೋದರಮಾವ ಹೇಳುತ್ತಿದ್ದರು.

ನಾನು ಮಾವನ ಮನೆಯಲ್ಲೇ ಇದ್ದೆ, ರಾಜಾಜಿನಗರದಲ್ಲಿ. ಆಗಿನ್ನೂ ಅಲ್ಲಿ ರಸ್ತೆಗೆಂದು ಕಲ್ಲು ನೆಟ್ಟಿದ್ದರು, ರಸ್ತೆ ಬಂದಿರಲಿಲ್ಲ. ಮಾಗಡಿ ರಸ್ತೆಯ ಕಾರ್ಖಾನೆಯೊಂದರಲ್ಲಿ ನಾನು ಗುಮಾಸ್ತ. ಮಾವ ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿ, ಮಾಡಲು ಬೇರೇನೂ ಇಲ್ಲದೆ, ನನ್ನ ಇಂಗ್ಲಿಷನ್ನು ಉದ್ಧಾರ ಮಾಡಲು ಹೊರಟಿದ್ದರು. ಕಥೆ ಕಾದಂಬರಿ ಓದಿದರೆ ಮನಸ್ಸು ಕೆಡುತ್ತದೆ, ವ್ಯಾಕರಣ ಓದಿದರೆ ಕಣ್ಣು ಕೆಡುತ್ತದೆ. ಓದಬೇಕಾದದ್ದು ಪತ್ರಿಕೆಯ ವಾಣಿಜ್ಯ ಪುಟ ಮತ್ತು ವಿದೇಶಿ ಸಮಾಚಾರ, ಅಷ್ಟೇ. ದೊಡ್ಡವರು ದೊಡ್ಡ ವಿಷಯಕ್ಕೆ ಬಳಸುವ ಮಾತು ಅಲ್ಲಿರುತ್ತದೆ ಎಂಬುದು ಅವರ ಸಿದ್ಧಾಂತ.

ಪದ್ಧತಿ ಹೀಗಿತ್ತು. ಬೆಳಿಗ್ಗೆ ಜಗಲಿಯ ಮೇಲೆ ನಾನು ಗಟ್ಟಿಯಾಗಿ ಓದಬೇಕು. ಮಾವ ಅದರಲ್ಲಿ ಒಂದು ಭಾರಿ ಪದವನ್ನು ಆರಿಸುತ್ತಾರೆ. ಮರುದಿನದ ಪತ್ರಿಕೆ ಬರುವವರೆಗೆ ಮನೆಯ ವ್ಯವಹಾರಕ್ಕೆಲ್ಲ ಆ ಪದವನ್ನೇ ಬಳಸಬೇಕು. ನಲ್ಲಿಯಲ್ಲಿ ನೀರು ಬರದಿದ್ದರೆ ಡೆಫಿಸಿಟ್. ಪಕ್ಕದ ಮನೆಯವರ ಎಮ್ಮೆ ನಮ್ಮ ಬಾಗಿಲಿಗೆ ಅಡ್ಡ ಮಲಗಿದರೆ ಬ್ಲಾಕೇಡ್. ಸಕ್ಕರೆ ಕಡಿಮೆಯಾದರೆ ಆಸ್ಟೆರಿಟಿ. ಅತ್ತೆ ಒಲೆಯ ಮುಂದಿನಿಂದ ಏಳದೆಯೇ, ‘ನಿಮ್ಮ ಆಸ್ಟೆರಿಟಿಗೆ ಒಂದು ಚಮಚ ಸಾಕಾ, ಎರಡು ಹಾಕ್ಲಾ?’ ಎಂದು ಕೇಳುತ್ತಿದ್ದರು. ಮಾವ ಗಂಭೀರವಾಗಿ ಎರಡು ಬೆರಳು ತೋರಿಸುತ್ತಿದ್ದರು.

ಪದಗಳು ಬಂದವು, ಇಲ್ಲ ಎನ್ನಲಾರೆ. ಆದರೆ ಪದಗಳ ಜೊತೆಗೆ ಅವುಗಳ ಚಾಳಿಯೂ ಬಂತು, ಅದೇ ನನ್ನ ಗೋಳು. ಆ ಪುಟಗಳಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಬೆಲೆಗಳು ತಾವಾಗಿ ಏರುತ್ತವೆ. ವಲಯಗಳು ಅಭಿಪ್ರಾಯಪಡುತ್ತವೆ. ಎರಡು ದೇಶಗಳು ಹೊಡೆದಾಡಿದರೆ ಮೂರನೆಯದು ತೀವ್ರ ಕಳವಳ ವ್ಯಕ್ತಪಡಿಸಿ ಊಟಕ್ಕೆ ಏಳುತ್ತದೆ. ಮಾತುಕತೆ ಫಲಪ್ರದವಾಯಿತು ಎಂದು ಓದಿ, ಫಲವೇನೆಂದು ಕಾಲಮ್ಮಿನ ಕೊನೆಯವರೆಗೆ ಹುಡುಕಿದರೆ, ಮತ್ತೆ ಮಾತುಕತೆ ನಡೆಸಲು ಒಪ್ಪಿದ್ದಾರೆ ಎಂಬುದೇ ಆ ಫಲ. ನಮ್ಮ ಹಳೆಯ ಶಾಸನಗಳನ್ನು ನೋಡಿ. ಇಂಥವನು ಇಂಥ ಕೆರೆಯ ಕೆಳಗೆ ಇಷ್ಟು ಗದ್ದೆ ಕೊಟ್ಟ, ಇದಕ್ಕೆ ತಪ್ಪಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ. ಕೊಟ್ಟವನು ಯಾರು, ಕೊಟ್ಟದ್ದು ಎಷ್ಟು, ತಪ್ಪಿದರೆ ಗತಿ ಏನು, ಎಲ್ಲ ಸ್ಪಷ್ಟ. ಅಂಥ ಒಂದು ವಾಕ್ಯ ಬರೆಯುವ ಎದೆ ಯಾವ ವಾಣಿಜ್ಯ ಸಂಪಾದಕನಿಗಿದೆ?

ಅಂಥ ಭಾಷೆಯಲ್ಲಿ ಎರಡು ವರ್ಷ ನೆನೆದು, ನಾನು ಮಾವನ ಜೊತೆ ಹೆಣ್ಣು ನೋಡಲು ಕೆಂಗೇರಿಗೆ ಹೋದೆ. ಜಾತಕ ಕೂಡಿಬಂದಿತ್ತು. ಹುಡುಗಿಯ ತಂದೆ ಜಮೀನಿದ್ದವರು, ಇಂಗ್ಲಿಷ್ ಬಾರದವರು, ಅಳಿಯನಿಗೆ ಮಾತ್ರ ಇಂಗ್ಲಿಷ್ ಬರಲೇಬೇಕು ಎಂದು ಹಟ ಹಿಡಿದವರು. ಅದಕ್ಕಾಗಿಯೇ ಪೇಟೆಯಿಂದ ಒಂದು ಇಂಗ್ಲಿಷ್ ಪತ್ರಿಕೆ ತರಿಸಿ, ತಾಂಬೂಲದ ತಟ್ಟೆಯ ಪಕ್ಕದಲ್ಲಿ ಇಟ್ಟಿದ್ದರು. ಆಗ ಪದ್ಧತಿಯೇ ಹಾಗಾಗಿತ್ತು: ಹುಡುಗಿ ಹಾಡಬೇಕು, ಹುಡುಗ ಇಂಗ್ಲಿಷ್ ಮಾತಾಡಬೇಕು.

ಮೊದಲು ಹುಡುಗಿಯ ಸರದಿ. ಒಂದು ದೇವರನಾಮ ಹೇಳಮ್ಮ ಎಂದು ಮಾವ ಕೇಳಿದರು. ಅವಳ ದೊಡ್ಡಮ್ಮ ಥಟ್ಟನೆ, ಪಾಪ, ನಿನ್ನೆಯಿಂದ ಗಂಟಲು ಕಟ್ಟಿದೆ ಎಂದರು. ಹುಡುಗಿ ತಲೆ ಎತ್ತಿದಳು.

‘ಗಂಟಲು ಚೆನ್ನಾಗೇ ಇದೆ. ನಂಗೆ ಹಾಡೋಕ್ಕೆ ಬರಲ್ಲ.’

ಅಷ್ಟೇ. ದೊಡ್ಡಮ್ಮನ ಮುಖ ಕಪ್ಪಿಟ್ಟಿತು. ನನಗೆ ಮಾತ್ರ ಸೆಖೆಯ ಕೋಣೆಯಲ್ಲಿ ಯಾರೋ ಕಿಟಕಿ ತೆರೆದಂತಾಯಿತು. ಎರಡು ವರ್ಷದಲ್ಲಿ ನಾನು ಕೇಳಿದ ಮೊದಲ ನೇರವಾದ ವಾಕ್ಯ ಅದು. ಮದುವೆಯಾದರೆ ಇವಳನ್ನೇ ಎಂದು ಆಗಲೇ ತೀರ್ಮಾನಿಸಿದೆ. ಅವಳ ಮುಖ ಈಗ ನೆನಪಿಲ್ಲ. ನೆನಪಿದೆ ಎಂದು ಬರೆದರೆ, ಅದು ಆಮೇಲೆ ನೋಡಿದ ಹತ್ತು ಮುಖಗಳನ್ನು ಸೇರಿಸಿ ಮಾಡಿದ್ದಾಗುತ್ತದೆ. ವಾಕ್ಯ ಮಾತ್ರ ಇದೆ.

ಹುಡುಗಿ ಎದ್ದು ಒಳಗೆ ಹೋದಳು. ಆಮೇಲೆ ನನ್ನ ಸರದಿ. ಪತ್ರಿಕೆಯಿಂದ ಒಂದು ತುಂಡು ಓದಿದೆ. ವಿದೇಶಿ ವಿನಿಮಯದ ಬಿಕ್ಕಟ್ಟಿನ ಬಗ್ಗೆ, ಪಂಚವಾರ್ಷಿಕ ಯೋಜನೆಯ ಬಗ್ಗೆ ಇಂಗ್ಲಿಷಿನಲ್ಲೇ ಎರಡು ಮಾತು ಸುರಿಸಿದೆ. ಹುಡುಗಿಯ ತಂದೆ ಮಳೆಯ ಸದ್ದು ಕೇಳುವ ರೈತನ ಹಾಗೆ ಕಣ್ಣು ಮುಚ್ಚಿ ಕೇಳಿದರು. ಕೊನೆಗೆ ಲೋಟ ಕೆಳಗಿಟ್ಟು, ಯಾರೂ ಮುಖಕ್ಕೆ ಮುಖ ಕೊಟ್ಟು ಕೇಳದ ಪ್ರಶ್ನೆಯನ್ನು ಕೇಳಿಯೇಬಿಟ್ಟರು: ಹುಡುಗಿ ಒಪ್ಪಿಗೆಯೋ?

ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಬಾಯಿ ಇನ್ನೂ ಇಂಗ್ಲಿಷಿನ ಹಳಿಯ ಮೇಲೇ ಓಡುತ್ತಿತ್ತು, ಮಾವ ಎದುರಿಗೇ ಕೂತಿದ್ದರು. ‘ದಿ ಮ್ಯಾಟರ್ ಈಸ್ ಅಂಡರ್ ಆಕ್ಟಿವ್ ಕನ್ಸಿಡರೇಷನ್’ ಎಂದೆ.

ಅವರು ಮಾವನ ಕಡೆ ತಿರುಗಿದರು. ‘ಏನಂತಾರೆ ಸ್ವಾಮಿ ಹುಡುಗ?’

‘ವಿಷಯ ಪರಿಶೀಲನೆಯಲ್ಲಿದೆ ಅಂತಾನೆ’ ಎಂದರು ಮಾವ, ಹೆಮ್ಮೆಯಿಂದ.

‘ಹಂಗಂದ್ರೆ ಹೂಂ ಅಂತಲೋ, ಊಹೂಂ ಅಂತಲೋ?’

‘ಅದನ್ನ ಈಗಲೇ ಹೇಳೋಕ್ಕಾಗಲ್ಲ ಅನ್ನೋದೇ ಅದರ ಅರ್ಥ.’

ಒಳಗಿನಿಂದ ಒಂದು ಸದ್ದು ಬಂತು. ನಗು ಎಂದು ಕೆಲವು ಸಲ ಅನ್ನಿಸಿದೆ. ಪಾತ್ರೆ ಜಾರಿದ್ದೂ ಇರಬಹುದು.

ಹಿಂದಿರುಗುವಾಗ, ರೈಲೋ ಬಸ್ಸೋ, ಮಾವ ನನ್ನ ಬೆನ್ನು ತಟ್ಟಿ, ರಾಯಭಾರಿ ಮಾತಾಡಿದ ಹಾಗಿತ್ತು ಕಣೋ ಎಂದರು. ನನಗೆ ಒಪ್ಪಿಗೆ, ನಾಳೆಯೇ ಹೋಗಿ ಹೇಳಿ ಬನ್ನಿ ಎಂದು ಬೇಡಿಕೊಂಡೆ. ಅವಸರ ತೋರಿಸಿದರೆ ಗಂಡಿನ ಕಡೆಯ ಬೆಲೆ ಇಳಿಯುತ್ತದೆ, ಮಾರುಕಟ್ಟೆ ಇನ್ನೂ ಸ್ವಲ್ಪ ಏರಲಿ ಎಂದರು. ಏರುವುದನ್ನು ಕಾಯುತ್ತ ನಾವು ಕೂತಿರುವಾಗಲೇ ಕೆಂಗೇರಿಯಿಂದ ಸುದ್ದಿ ಬಂತು. ಜಾತಕ ಕೂಡಲಿಲ್ಲವಂತೆ. ಕೂಡಿದ್ದ ಜಾತಕ!

ನಾನೊಬ್ಬನೇ ಕೆಂಗೇರಿಗೆ ಹೋದೆ. ಗಂಡು ಹಾಗೆಲ್ಲ ಒಬ್ಬನೇ ಹೋಗಬಾರದು, ಆದರೂ ಹೋದೆ. ಅಪ್ಪಟ ಕನ್ನಡದಲ್ಲಿ, ನನಗೆ ನಿಮ್ಮ ಮಗಳು ಒಪ್ಪಿಗೆ ಎಂದು ಬಾಗಿಲಲ್ಲೇ ಹೇಳಿದೆ. ಹುಡುಗಿಯ ತಂದೆ ಕೂರಿಸಿದರು, ಮಜ್ಜಿಗೆ ಕೊಟ್ಟರು, ಈ ಸಲ ರಾಗಿ ಪರವಾಗಿಲ್ಲ ಎಂದರು. ಋಣಾನುಬಂಧ ನಮ್ಮ ಕೈಲಿದೆಯೇ, ಎಲ್ಲ ದೈವೇಚ್ಛೆ, ದೊಡ್ಡವರನ್ನು ಕೇಳಬೇಕು, ನೋಡೋಣ, ಹೇಳಿ ಕಳಿಸುತ್ತೇವೆ ಎಂದರು. ಒಂದೊಂದು ಮಾತಿನಲ್ಲೂ ಎಷ್ಟು ನಯ, ಎಷ್ಟು ಪ್ರೀತಿ! ಹಿಡಿದುಕೊಳ್ಳಲು ಒಂದರಲ್ಲೂ ಹಿಡಿಯಿಲ್ಲ. ಆ ತಂದೆ ವಾಣಿಜ್ಯ ಪುಟವನ್ನು ಓದಿದವರಲ್ಲ. ಓದುವ ಅಗತ್ಯವೂ ಇರಲಿಲ್ಲ. ಇಂಗ್ಲಿಷನ್ನು ಸುಮ್ಮನೆ ಬಯ್ದೆನಲ್ಲ ಎಂದು ಮಜ್ಜಿಗೆ ಕುಡಿಯುತ್ತ ಮರುಗಿದೆ. ಯಾವ ವಿದೇಶಾಂಗ ಕಚೇರಿಯೂ ಹುಟ್ಟುವ ಮೊದಲೇ ನಮ್ಮ ಹಜಾರಗಳಲ್ಲಿ ಈ ಭಾಷೆ ಪಳಗಿತ್ತು. ಮಾವ ಬೆಳಿಗ್ಗೆ ಬೆಳಿಗ್ಗೆ ನನ್ನನ್ನು ಅಷ್ಟು ಗೋಳುಹೊಯ್ದುಕೊಳ್ಳಬೇಕಾಗಿರಲಿಲ್ಲ.

ಹೇಳಿ ಕಳಿಸಲಿಲ್ಲ. ಬೇಡ ಎಂದವರು ಯಾರು ಎಂದು ಈಗಲೂ ಯೋಚಿಸುತ್ತೇನೆ. ತಂದೆ ಎಂದಿರಬಹುದು, ಮುಖಭಂಗವಾದ ದೊಡ್ಡಮ್ಮ ಎಂದಿರಬಹುದು. ಅವಳೇ ಎಂದಿದ್ದರೆ, ಅವಳ ರೀತಿಯಲ್ಲಿ, ಮೂರೇ ಪದಗಳಲ್ಲಿ ಎಂದಿರುತ್ತಾಳೆ. ಆ ಪದಗಳನ್ನು ಮನೆಯವರು ಜಾತಕದಲ್ಲಿ ಸುತ್ತಿ ನಮಗೆ ಕಳಿಸಿರುತ್ತಾರೆ. ಅಥವಾ ಅವಳನ್ನು ಯಾರೂ ಕೇಳಿಯೇ ಇರಲಿಲ್ಲವೇನೋ. ನನಗೆ ಗೊತ್ತಿಲ್ಲ.