ಹಗೇವು ಎಲ್ಲಿತ್ತು ಎಂದು ಕೇಳುವ ಕೆಲಸ

ಅಣ್ಣನ ಕಚೇರಿ ಶುರುವಾದದ್ದು ಸಿಂದಗಿಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಒಂದು ಡ್ರಾಯಿಂಗ್ ಟೇಬಲ್ಲು, ಎರಡು ಕುರ್ಚಿ, ಕೆಳಗಿನಿಂದ ಏರಿ ಬರುವ ಯೂರಿಯಾ ವಾಸನೆ. ನಕ್ಷೆ ಬರೆಯುವವನು ಅಣ್ಣ. ಅದನ್ನು ಕಟ್ಟಿ ನಿಲ್ಲಿಸುವವರು ದೇವಣಗಾಂವದ ಗೌಂಡಿ ಕಾಕಾ. ಎರಡನೇ ಕುರ್ಚಿಯನ್ನು ತಂದದ್ದೇ ಅವರಿಗಾಗಿ. ಅವರು ಅದರಲ್ಲಿ ಕೂತದ್ದನ್ನು ನಾನು ನೋಡಿಲ್ಲ. ನಕ್ಷೆಯನ್ನು ನೆಲದ ಮೇಲೆ ಹಾಸಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂಡುತ್ತಿದ್ದರು.

"ಮನಿ ನೆಲದ ಮ್ಯಾಲ ಕಟ್ಟಬೇಕಲ್ಲೋ ಸಾಹೇಬಾ, ನಿನ್ನ ಟೇಬಲ್ ಮ್ಯಾಲ ಅಲ್ಲ," ಎನ್ನುತ್ತಿದ್ದರು. ಅಣ್ಣನನ್ನು ಸಾಹೇಬ ಎಂದು ಮೊದಲು ಕರೆದವರು ಅವರೇ, ಅದೂ ತಮಾಷೆಗೆ.

ಪಾಯ ಅಗೆಯುವ ಮುಂಚೆ ಕಾಕಾ ಆ ಓಣಿಯ ಎಲ್ಲರಿಗಿಂತ ಹಿರಿಯ ಹೆಂಗಸನ್ನು ಹುಡುಕಿಕೊಂಡು ಹೋಗುತ್ತಿದ್ದರು. ಕೇಳುತ್ತಿದ್ದದ್ದು ಒಂದೇ ಮಾತು: ಹಗೇವು ಎಲ್ಲಿತ್ತು? ನಮ್ಮ ಭಾಗದಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಕುಣಿಯಲ್ಲಿ ತುಂಬಿಡುತ್ತಿದ್ದರು. ಅದೇ ಹಗೇವು. ಬಾಯಿ ಕಿರಿದು, ಒಳಗೆ ಆಳು ನಿಲ್ಲುವಷ್ಟು ಆಳ. ಬಳಕೆ ತಪ್ಪಿದ ಮೇಲೆ ಬೂದಿ, ಕಸ ಸುರಿದು ಮುಚ್ಚಿದರು. ಮೇಲೆ ನಿಂತು ನೋಡಿದರೆ ಗಟ್ಟಿ ನೆಲ. ಅದರ ಮೇಲೆ ಕಾಲಂ ಎಬ್ಬಿಸಿದರೆ, ನೀರು ಇಳಿದ ವರ್ಷ ಕುಸಿಯುತ್ತದೆ. ಜಾಗದ ಯಾವ ದಾಖಲೆಯಲ್ಲೂ, ಉತಾರದಲ್ಲೂ ಹಗೇವಿನ ಗುರುತಿರುವುದಿಲ್ಲ. ಅಲ್ಲಿಂದ ಜೋಳ ತೆಗೆಸಿ ಬೀಸಿದವರಿಗೆ ಮಾತ್ರ ಗೊತ್ತಿರುತ್ತದೆ.

ಕಾಲೇಜಿನ ರಜೆಯಲ್ಲಿ ಒಮ್ಮೆ ಅವರಿಬ್ಬರ ಜೊತೆ ನಾನೂ ಆಲಮೇಲಕ್ಕೆ ಹೋಗಿದ್ದೆ. ಮನೆ ಕಟ್ಟಬೇಕಿದ್ದ ಜಾಗದ ಪಕ್ಕದ ಮನೆಯ ಮುದುಕಿ ಕಾಕಾರನ್ನು ಮೇಲೆ ಕೆಳಗೆ ನೋಡಿದಳು.

"ಹಗೇವು ಯಾಕ ಬೇಕೋ ನಿನಗ? ಜ್ವಾಳಾ ಕಳವು ಮಾಡಾಕೇನು?"

"ಈಗೆಲ್ಲಿ ಉಳದಾವ್ರಿ ಆಯಿ, ಕಳವು ಮಾಡಾಕ?"

"ನಿನ್ನ ಮಾರಿ ನೋಡಿದ್ರ, ಉಳದಿದ್ರೂ ಉಳಸಾಂವ ಅಲ್ಲ ಬಿಡು."

ಹಾಗೆಂದವಳೇ ಕೋಲೂರಿಕೊಂಡು ಎದ್ದು ಖಾಲಿ ಜಾಗಕ್ಕೆ ಬಂದಳು. ಸ್ವಲ್ಪ ಹೊತ್ತು ಅತ್ತಿತ್ತ ಅಡ್ಡಾಡಿ, ಒಂದು ಕಡೆ ನಿಂತು ನೆಲಕ್ಕೆ ಕೋಲು ಕುಟ್ಟಿದಳು. "ಇಲ್ಲಿ." ಅಣ್ಣ ಅಲ್ಲೇ ಮೊಣಕಾಲೂರಿ ನಕ್ಷೆಯಲ್ಲಿ ಕಾಲಂನ ಜಾಗ ಬದಲಿಸಿದ. ಆ ಮನೆ ಇವತ್ತಿಗೂ ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ಲ.

ಇಂಥ ಮನೆಗಳನ್ನು ನೋಡಿಯೇ ಜನ ಬಂದರು. ಇಂಡಿಯಲ್ಲಿ ಎರಡನೇ ಕಚೇರಿ ಆಯಿತು, ಆಮೇಲೆ ಮುದ್ದೇಬಿಹಾಳದಲ್ಲಿ. ಡ್ರಾಯಿಂಗ್ ಟೇಬಲ್ ಮೂಲೆ ಸೇರಿತು. ಕಂಪ್ಯೂಟರುಗಳು ಬಂದವು, ಎಂಜಿನಿಯರಿಂಗ್ ಮುಗಿಸಿದ ಹುಡುಗಿಯರು ಬಂದರು. ಪಾಯ ಅಗೆಯುವ ಮೊದಲೇ ಜನ ತಮ್ಮ ಮನೆಯನ್ನು ಬಣ್ಣ ಸಮೇತ ಪರದೆಯ ಮೇಲೆ ನೋಡಿ ಹೋಗತೊಡಗಿದರು. ನಾಲ್ಕನೇ ಕಚೇರಿ ಬಸವನ ಬಾಗೇವಾಡಿಯಲ್ಲಿ. ಹಿಂದಿನಂತೆ ಅಲ್ಲಿಯೂ ಅಣ್ಣ ಕಾಕಾರಿಂದಲೇ ರಿಬ್ಬನ್ನಿಗೆ ಕತ್ತರಿ ಹಾಕಿಸಿದ. "ಕತ್ತರಿ ಹಿಡದ್ರ ಕೈ ನಡಗಾಕತ್ತೈತಿ, ಕರಣಿ ಕೊಡ್ರಿ," ಎಂದು ಅವರು ಎಲ್ಲರನ್ನೂ ನಗಿಸಿದರು. ಆ ಹೊತ್ತಿಗೆ ನಾನು ವಿಜಯಪುರದಲ್ಲಿ ದಿನಪತ್ರಿಕೆಯೊಂದರ ವರದಿಗಾರ್ತಿ.

ಬಾಗೇವಾಡಿ ಕಚೇರಿಯ ಮೊದಲ ಕೆಲಸ ಹಳೆಯ ಓಣಿಯೊಂದರಲ್ಲಿ ಎರಡಂತಸ್ತಿನ ಮನೆ. ಗೃಹಪ್ರವೇಶವಾದ ಮೇಲಿನ ಮೊದಲ ಮಳೆಗಾಲಕ್ಕೆ ಅದರ ಮುಂದಿನ ಮೂಲೆಯ ಕಾಲಂ ಕುಸಿದು, ಪೋರ್ಚಿನ ಸ್ಲ್ಯಾಬ್ ನೆಲಕ್ಕೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ. ಅಲ್ಲಿನ ನಮ್ಮ ವರದಿಗಾರ ರಜೆಯಲ್ಲಿದ್ದ. ಸಂಪಾದಕರು ಸುದ್ದಿಯನ್ನು ನನಗೆ ವಹಿಸಿದರು. ಅದು ನನ್ನ ಅಣ್ಣನ ಸಂಸ್ಥೆ, ನಾನು ಬರೆಯುವುದು ಸರಿಯಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ.

"ಬುಡದಾಗ ಹಗೇವು ಇತ್ತು," ಎಂದ ಅಣ್ಣ. "ಅದನ್ನ ಕೇಳಿ ತಿಳಕೊಳ್ಳೂದು ಗೌಂಡಿ ಕೆಲಸ. ಕೇಳಿಲ್ಲ."

ಹಾಗೇ ಬರೆದೆ. ಗೌಂಡಿಯ ನಿರ್ಲಕ್ಷ್ಯವೇ ಕಾರಣ ಎಂದು ಸಂಸ್ಥೆಯ ಮುಖ್ಯಸ್ಥರು ತಿಳಿಸಿದ್ದಾರೆ ಎಂದು. ಆರೋಪ ಹೊತ್ತವನನ್ನು ಮಾತಾಡಿಸದೆ ಒಂದು ಸಾಲನ್ನೂ ಕಳಿಸಬಾರದು ಎಂದು ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ. ಕಾಕಾರ ನಂಬರು ನನ್ನ ಫೋನಿನಲ್ಲಿತ್ತು. ಗುರುತಿಲ್ಲದ ಗೌಂಡಿಯಾಗಿದ್ದರೆ ಖಂಡಿತ ಕರೆ ಮಾಡುತ್ತಿದ್ದೆ.

ಸುದ್ದಿ ಬಂದ ಮೇಲೆ ಕಾಕಾರಿಗೆ ನಾಲ್ಕೂ ಊರುಗಳಲ್ಲಿ ಕೆಲಸ ನಿಂತಿತು. ಇಂಡಿಯಲ್ಲಿ ಅರ್ಧ ಎದ್ದಿದ್ದ ಮನೆಯ ಮಾಲೀಕ, "ನಿನ್ನ ಹೆಸರು ಪೇಪರಿನಾಗ ಬಂದೈತಿ, ಮನ್ಯಾಗ ಹೆಣ್ಮಕ್ಕಳು ಅಂಜಾಕತ್ತಾರ," ಎಂದು ಹೇಳಿ ಬೇರೆ ಗೌಂಡಿಯನ್ನು ಕರೆಸಿದನಂತೆ. ಅಣ್ಣನೂ ಅವರನ್ನು ಕರೆಯಲಿಲ್ಲ. ಕರೆದರೆ ತಪ್ಪು ಯಾರದು ಎಂಬ ಮಾತು ಮತ್ತೆ ಏಳುತ್ತಿತ್ತು.

ಕೆಲವು ತಿಂಗಳ ಮೇಲೆ ಬೇರೊಂದು ಸುದ್ದಿಗಾಗಿ ಬಾಗೇವಾಡಿಗೆ ಹೋದಾಗ ಆ ಓಣಿಗೂ ಹೋದೆ. ಪೋರ್ಚ್ ಇದ್ದ ಕಡೆ ತಗಡು ಹಾಕಿದ್ದರು. ಪಕ್ಕದ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಕೂತು ಅಕ್ಕಿ ಆರಿಸುತ್ತಿದ್ದಳು. ಇಲ್ಲಿ ಹಗೇವು ಇದ್ದದ್ದು ಯಾರಿಗೂ ಗೊತ್ತಿರಲಿಲ್ಲವೇ ಎಂದು ಕೇಳಿದೆ.

"ನನಗ ಗೊತ್ತಿರಲಿಲ್ಲೇನವಾ? ಆ ಗೌಂಡಿಗಿ ನಾನೇ ಹೇಳಿದ್ದೆನಲ್ಲ."

"ಯಾವಾಗ್ರಿ?"

"ಪಾಯಾ ತಗಿಯೂವಾಗ. ನಾ ಮುದ್ದೇಬಿಹಾಳದಾಗ ಮಗಳ ಮನ್ಯಾಗಿದ್ದೆ. ವಿಳಾಸ ಕೇಳಕೊಂತ ಅಲ್ಲಿತನ ಬಂದಿದ್ದ. ಮುಂದಿನ ಮೂಲ್ಯಾಗ ಐತಿ ಅಂದೆ. ಒಂದ್ ಗುಟುಕು ಚಾ ಕುಡಿ ಅಂದ್ರೂ ಕೂಡಲಿಲ್ಲ, ಬಸ್ ತಪ್ಪತೈತಿ ಅಂತ ಓಡಿದ."

ಅಲ್ಲಿಂದ ನೇರ ಸಿಂದಗಿಗೆ ಹೋದೆ. ಅಣ್ಣ ಏನನ್ನೂ ಮುಚ್ಚಿಡಲಿಲ್ಲ.

"ಬಂದಿದ್ದ, ಹೇಳಿದ. ಅಷ್ಟರಾಗ ಆ ಮೂಲಿಗಿ ಕಾಂಕ್ರೀಟ್ ಹಾಕಿ ಆಗಿತ್ತು. ಮುದುಕಿನ್ನ ಕೇಳಿ ಬರೂತನಾ ನಾಲ್ಕ ದಿನಾ ತಡೀರಿ ಅಂತ ಮೊದಲೂ ಅಂದಿದ್ದ. ಮುಹೂರ್ತ ಇತ್ತು, ನಾ ತಡೀಲಿಲ್ಲ."

"ಒಡೆದು ತಗೀಬೇಕಿತ್ತಲ್ಲ."

"ಮೊದಲನೇ ಮನಿ ಪಾಯಾನ ಒಡದ್ರು ಅಂದ್ರ ಬಾಗೇವಾಡ್ಯಾಗ ಯಾರ ಬರ್ತಿದ್ರು ನಮ್ಮ ಕಡೆ? ಹಳೇ ಹಗೇವು, ಮಣ್ಣು ಕುಂತಿರತೈತಿ ಅನ್ಕೊಂಡೆ." ಆಮೇಲೆ, "ತಿದ್ದುಪಡಿ ಹಾಕ್ತೀಯೇನು?" ಎಂದು ಕೇಳಿದ. ಹಾಕುತ್ತೇನೆ ಎಂದೆ. ಬೇಡ ಎನ್ನಲಿಲ್ಲ. ನಾಲ್ಕು ಕಚೇರಿಗಳ ಫೋಟೋ ಇದ್ದ ಗೋಡೆಯ ಕಡೆ ಮುಖ ತಿರುಗಿಸಿ ಕೂತ.

ಮರುದಿನ ಬೆಳಿಗ್ಗೆ ದೇವಣಗಾಂವಕ್ಕೆ ಹೋದಾಗ ಕಾಕಾ ತಮ್ಮ ಹಿತ್ತಲಿನಲ್ಲಿ ದನದ ಗೋದಲಿ ಕಟ್ಟುತ್ತಿದ್ದರು. ನನ್ನನ್ನು ಕಂಡು ಕರಣಿ ಕೆಳಗಿಟ್ಟು, ಕೈ ತೊಳೆದುಕೊಂಡು ಬಂದರು.

"ಬಾ ಯವ್ವಾ. ನೋಡಿಲ್ಲಿ, ಈಗ ನನ್ನ ಮಾಲಕರು ಇವೇ," ಎಂದು ಎಮ್ಮೆಗಳನ್ನು ತೋರಿಸಿದರು. "ಎಲಿವೇಶನ್ ಕೇಳೂದಿಲ್ಲ, ಬಣ್ಣ ಕೇಳೂದಿಲ್ಲ."

ನಗಲು ಆಗಲಿಲ್ಲ. ಮುದುಕಿ ಹೇಳಿದ್ದನ್ನೂ ಅಣ್ಣ ಒಪ್ಪಿದ್ದನ್ನೂ ಹೇಳಿದೆ. ಸತ್ಯ ಏನೆಂದು ನಾಳೆಯ ಪತ್ರಿಕೆಯಲ್ಲೇ ಹಾಕಿಸುತ್ತೇನೆ ಎಂದೆ.

"ಬ್ಯಾಡ. ಈಗೀಗ ಮಂದಿ ಮರಿಯಾಕತ್ತಾರ. ನೀ ಮತ್ತ ಹೆಸರು ಹಾಕಿದ್ರ, ತಿದ್ದಿದ್ದು ಯಾರೂ ಓದೂದಿಲ್ಲ, ಬಿದ್ದಿದ್ದು ಅಷ್ಟ ನೆನಪಾಗತೈತಿ. ಸಾಹೇಬನ ಕಡೆ ನಾಲ್ಕೂರ ಹುಡುಗ್ಯಾರು ದುಡಿಯಾಕತ್ತಾರ. ಅವರ ಅನ್ನ ಯಾಕ ಕೆಡಸ್ತೀ?"

ಆಮೇಲೆ ಕಟ್ಟೆಯ ಮೇಲಿನ ಒಣಗಿದ ಗಾರೆಯನ್ನು ಉಗುರಿನಿಂದ ಕೆರೆಯುತ್ತ ಕೇಳಿದರು: "ಒಂದ ಮಾತು ಹೇಳು. ನನಗ ಯಾಕ ಫೋನ್ ಮಾಡ್ಲಿಲ್ಲ ನೀ?"

"ನೀವು ಮನಿಯವರು ಅಂತ, ಕಾಕಾ. ಆಮೇಲೆ ಬಂದು ಹೇಳಿದ್ರಾತು ಅನ್ಕೊಂಡೆ."

"ಮನಿಯವ್ರನ್ನ ಕೇಳೂದಿಲ್ಲೇನವಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ಅಷ್ಟರಲ್ಲಿ ಚಹಾ ಬಂತು, ಕುಡಿದೆವು. ಕಲಸಿದ ಗಾರೆ ಗಟ್ಟಿಯಾಗುತ್ತದೆ ಎಂದು ಅವರು ಎದ್ದರು.

ತಿದ್ದುಪಡಿ ಹಾಕಲಿಲ್ಲ. ಅವರು ಬೇಡ ಎಂದದ್ದು ನಿಜ. ಆ ಮಾತು ಕಿವಿಗೆ ಬಿದ್ದಾಗ ನನಗೆ ಹಗುರವಾದದ್ದೂ ನಿಜ. ಸಂಜೆ ಅಣ್ಣನಿಗೆ ಫೋನ್ ಮಾಡಿ ತಿಳಿಸಿದೆ. "ನನ್ನ ಕೇಳಿದ್ನೇನು?" ಎಂದ. ಹುಡುಗಿಯರ ಅನ್ನದ ಮಾತು ಬಿಟ್ಟರೆ ಅವರು ಅಣ್ಣನ ಬಗ್ಗೆ ಏನೂ ಕೇಳಿರಲಿಲ್ಲ. ಇಲ್ಲ ಎಂದೆ.

ನನ್ನ ವರದಿಯಲ್ಲಿ ಕಾಕಾರ ಹೆಸರು, ವಯಸ್ಸು, ಊರು ಎಲ್ಲವೂ ಇದ್ದವು. ಇಲ್ಲಿ ಊರನ್ನಷ್ಟೇ ಬರೆದಿದ್ದೇನೆ. ಅದಕ್ಕೂ ಮುಂಚೆ, ಈ ಸಲ, ಅವರಿಗೆ ಫೋನ್ ಮಾಡಿ ಕೇಳಿದೆ. "ಊರು ಬರಿ, ಹೆಸರು ಬ್ಯಾಡ," ಎಂದರು.